ಚಿಂಪಾಂಜಿಯ ಮಲದಲ್ಲಿ ಸಿಕ್ಕ ಎಚ್‌ಐವಿಯ ಊರು

ಕೊಡಗಿನ ಸಿದ್ದಾಪುರದ ಹತ್ತಿರದ ಕಾಫಿ ತೋಟದಿಂದ ಓದುಗರೊಬ್ಬರು ಬರೆದಿದ್ದಾರೆ: "ಏಡ್ಸ್ ಬಂದದ್ದು ಮಂಗನಿಂದ ಎಂಬ ಮಾತು ನಮ್ಮ ಲೈನ್‌ಮನೆಗಳಲ್ಲಿ ಹಬ್ಬಿದೆ. ತೋಟಕ್ಕೆ ಬರುವ ಕೋತಿಗಳನ್ನು ಕಂಡರೆ ಕೆಲಸದವರಿಗೆ ಈಗ ಭಯ. ಇದು ನಿಜವೇ? ದಟ್ಟ ಕಾಡಿನ ಪ್ರಾಣಿಯ ರಕ್ತ ತೆಗೆದು ಪರೀಕ್ಷಿಸಿದ್ದಾದರೂ ಹೇಗೆ?"

ಮಾನ್ಯರೇ,

ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ರಕ್ತ ತೆಗೆಯಲೇ ಇಲ್ಲ. ಕಾಡಿನ ಚಿಂಪಾಂಜಿ ಮನುಷ್ಯರ ಸುಳಿವು ಸಿಕ್ಕರೆ ಸಾಕು, ಮರೆಯಾಗುತ್ತದೆ. ಅರಿವಳಿಕೆ ಮದ್ದು ಹೊಡೆದರೆ ಮರದಿಂದ ಬಿದ್ದು ಸಾಯಬಹುದು. ಹಾಗಾಗಿ ಬಿಯಾಟ್ರಿಸ್ ಹಾನ್, ಮಾರ್ಟೀನ್ ಪೀಟರ್ಸ್ ಮೊದಲಾದ ವಿಜ್ಞಾನಿಗಳು ಮಲದಲ್ಲೇ ವೈರಸ್ ಹುಡುಕುವ ವಿಧಾನ ರೂಪಿಸಿದರು.

ಚಿಂಪಾಂಜಿಗಳು ಸಂಜೆ ಕೊಂಬೆಗಳನ್ನು ಬಗ್ಗಿಸಿ ಮರದ ಮೇಲೆ ಗೂಡು ಮಾಡಿ ಮಲಗುತ್ತವೆ. ಬೆಳಿಗ್ಗೆ ಅವು ಎದ್ದು ಹೋದ ಮೇಲೆ ಕಾಡು ಬಲ್ಲ ಸ್ಥಳೀಯರು ಗೂಡಿನ ಕೆಳಗೆ ತಾಜಾ ಮಲ ಹುಡುಕುತ್ತಾರೆ. ಸುಮಾರು 20 ಗ್ರಾಂ ಮಲವನ್ನು 50 ಮಿ.ಲೀ. ಕೊಳವೆಗೆ ಹಾಕಿ, ಅಷ್ಟೇ ಪ್ರಮಾಣದ ಆರ್‌ಎನ್‌ಎಲೇಟರ್ ಎಂಬ ದ್ರಾವಣ ಸುರಿದು ಚೆನ್ನಾಗಿ ಕಲಕುತ್ತಾರೆ. ವೈರಸ್‌ನ ಆರ್‌ಎನ್‌ಎ (ಅದರ ತಳಿಮಾಹಿತಿ ಇರುವ ಅಣು) ಬಲುಬೇಗ ಚೂರಾಗುವಂಥದ್ದು. ಅದನ್ನು ಕತ್ತರಿಸುವ ಕಿಣ್ವಗಳನ್ನು ಈ ದ್ರಾವಣ ತಡೆಯುತ್ತದೆ. ಫ್ರಿಜ್ ಇಲ್ಲದ ಕಾಡಿನಲ್ಲಿ ಈ ಕೆಲಸ ಸಾಧ್ಯವಾದದ್ದೇ ಇದರಿಂದ. ಮಳೆಯಲ್ಲಿ ನೆಂದ, ಬಿಸಿಲಿಗೆ ಒಣಗಿದ ಮಲ ಮಾತ್ರ ಉಪಯೋಗಕ್ಕೆ ಬಾರದು.

ಪ್ರಯೋಗಾಲಯದಲ್ಲಿ ಮೊದಲು ನೋಡುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಸೋಂಕು ತಗುಲಿದ ಪ್ರಾಣಿಯ ಮಲದಲ್ಲೂ ಅವು ಇರುತ್ತವೆ. ಎಚ್‌ಐವಿಯ ಪ್ರೋಟೀನ್ ಅಂಟಿಸಿದ ಪಟ್ಟಿಯ ಮೇಲೆ ಮಲದ ಸಾರ ಹರಿಸಿದಾಗ ಗೆರೆ ಮೂಡಿದರೆ ಅನುಮಾನ ಗಟ್ಟಿಯಾಯಿತು. ಆಮೇಲೆ ಆರ್‌ಎನ್‌ಎ ಬೇರ್ಪಡಿಸಿ, ಪಿಸಿಆರ್ ವಿಧಾನದಿಂದ ಅದರ ಪ್ರತಿಗಳನ್ನು ಹೆಚ್ಚಿಸಿ ಅಕ್ಷರ ಸರಣಿ ಓದುತ್ತಾರೆ. ಪ್ರತಿಕಾಯ ಸಿಕ್ಕ ಎಲ್ಲ ಮಾದರಿಯಲ್ಲೂ ವೈರಸ್ ಸಿಗುವುದಿಲ್ಲ.

ಎಡವುವ ಜಾಗಗಳು ಬೇರೆಯೇ ಇವೆ. ಒಂದೇ ಕಾಡಿನಲ್ಲಿ ಗೊರಿಲ್ಲಾಗಳೂ ಇರುತ್ತವೆ, ಕಣ್ಣಂದಾಜು ತಪ್ಪುತ್ತದೆ. ಮಲಕ್ಕೆ ಅಂಟಿ ಬರುವ ಕರುಳಿನ ಕೋಶಗಳ ಮೈಟೊಕಾಂಡ್ರಿಯ ಡಿಎನ್‌ಎ ನೋಡಿದರೆ ಪ್ರಾಣಿ ಯಾವುದು, ಯಾವ ಉಪಜಾತಿ ಎಂಬುದು ತಿಳಿಯುತ್ತದೆ. ಒಂದೇ ಚಿಂಪಾಂಜಿಯ ಮಲ ನಾಲ್ಕು ಸಲ ಸಿಕ್ಕರೆ ನಾಲ್ಕು ಪ್ರಾಣಿಗೆ ಸೋಂಕು ಎಂದು ಲೆಕ್ಕ ಕೆಡುತ್ತದೆ. ಅದಕ್ಕೆ ಒಂದೊಂದು ಪ್ರಾಣಿಯನ್ನು ಬೇರೆಬೇರೆಯಾಗಿ ಗುರುತಿಸಲು ಮೈಕ್ರೊಸ್ಯಾಟಲೈಟ್ ಎಂಬ ಡಿಎನ್‌ಎ ಗುರುತುಗಳನ್ನು ನೋಡಬೇಕು. ಡಿಎನ್‌ಎ ಹಳಸಿದ್ದರೆ ತಂದೆತಾಯಿಯಿಂದ ಬಂದ ಎರಡು ಪ್ರತಿಗಳಲ್ಲಿ ಒಂದು ಕಾಣದೇ ಹೋಗುವುದರಿಂದ ಇದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಾರೆ.

ಈ ತಾಳ್ಮೆಗೆ 2006ರಲ್ಲಿ ಫಲ ಸಿಕ್ಕಿತು. ಜಗತ್ತಿನಾದ್ಯಂತ ಹರಡಿದ ಎಚ್‌ಐವಿ-1ರ 'ಎಂ' ಗುಂಪಿಗೆ ಅತಿ ಹತ್ತಿರದ ವೈರಸ್‌ಗಳು ಇದ್ದದ್ದು ಕ್ಯಾಮರೂನ್‌ನ ಆಗ್ನೇಯ ಮೂಲೆಯ ಚಿಂಪಾಂಜಿಗಳಲ್ಲಿ. ಕೆಲವು ಹಿಂಡುಗಳಲ್ಲಿ ಶೇ. 29ರಿಂದ 35ರಷ್ಟು ಸೋಂಕಿತ್ತು. 'ಎನ್' ಗುಂಪಿನ ಮೂಲವೂ ಚಿಂಪಾಂಜಿಯೇ. 'ಒ' ಗುಂಪು ಬಂದದ್ದು ಗೊರಿಲ್ಲಾದಿಂದ. ಎಚ್‌ಐವಿ-2 ಮಾತ್ರ ಪಶ್ಚಿಮ ಆಫ್ರಿಕಾದ ಸೂಟಿ ಮಂಗಾಬಿ ಎಂಬ ಕೋತಿಯದು. ಚಿಂಪಾಂಜಿಗೂ ಈ ವೈರಸ್ ಹುಟ್ಟಿನಿಂದ ಬಂದದ್ದಲ್ಲ: ಚಿಂಪಾಂಜಿ ಬೇಟೆಯಾಡಿ ತಿನ್ನುವ ಎರಡು ಜಾತಿಯ ಕೋತಿಗಳ ವೈರಸ್‌ಗಳು ಬೆರೆತು ಆದದ್ದು. ತಾಂಜಾನಿಯದ ಗೊಂಬೆ ರಾಷ್ಟ್ರೀಯ ಉದ್ಯಾನದಲ್ಲಿ ಸೋಂಕಿತ ಚಿಂಪಾಂಜಿಗಳ ಸಾವಿನ ಅಪಾಯ ಹತ್ತು ಪಟ್ಟಿಗೂ ಹೆಚ್ಚು ಎಂದು 2009ರಲ್ಲಿ ಗೊತ್ತಾಯಿತು. ಅವೂ ನರಳುತ್ತಿವೆ, ಇದನ್ನು ಮರೆಯಬಾರದು.

ಮನುಷ್ಯನಿಗೆ ದಾಟಿದ್ದು ಬಹುಮಟ್ಟಿಗೆ ಬೇಟೆಯ ಮಾಂಸ ಕೊಯ್ಯುವಾಗ ಗಾಯಕ್ಕೆ ತಾಗಿದ ರಕ್ತದಿಂದ. ಮಧ್ಯ ಆಫ್ರಿಕಾದ ಕಾಂಗೊ ದೇಶದ ಕಿನ್ಶಾಸಾದಲ್ಲಿ 1959 ಮತ್ತು 1960ರಲ್ಲಿ ಮನುಷ್ಯರಿಂದ ತೆಗೆದಿಟ್ಟ ಮಾದರಿಗಳನ್ನು ಹೋಲಿಸಿ ಲೆಕ್ಕ ಹಾಕಿದಾಗ 'ಎಂ' ಗುಂಪಿನ ಮೂಲ ವೈರಸ್ 1908ರ ಆಸುಪಾಸಿನದು ಎಂದು ಬಂತು. ಆಚೀಚೆಯ ಮಿತಿ 1884ರಿಂದ 1924.

ಇನ್ನು ನಿಮ್ಮ ತೋಟ. ಎಚ್‌ಐವಿಯ ಈ ಪೂರ್ವಜ ವೈರಸ್‌ಗಳು ಸಹಜವಾಗಿ ಇರುವುದು ಆಫ್ರಿಕಾದ ಚಿಂಪಾಂಜಿ, ಗೊರಿಲ್ಲಾದಂಥ ವಾನರಗಳಲ್ಲಿ ಮತ್ತು ಅಲ್ಲಿನ ಕೋತಿಗಳಲ್ಲಿ ಮಾತ್ರ. ಕೊಡಗಿನ ಕೋತಿಯಲ್ಲಾಗಲಿ ಮುಸುವದಲ್ಲಾಗಲಿ ಅವಿಲ್ಲ. ಏಡ್ಸ್ ಹೆಸರಿನಲ್ಲಿ ಅವುಗಳ ಮೇಲೆ ಕೋವಿ ಎತ್ತುವುದು ಅನ್ಯಾಯ, ಕಾನೂನಿಗೂ ವಿರುದ್ಧ.

ಕೆಲಸದವರು ಹುಷಾರಾಗಿರಬೇಕಾದ್ದು ಬೇರೆ ಕಾರಣಕ್ಕೆ. ಕೋತಿ ಕಚ್ಚಿದರೆ, ಪರಚಿದರೆ 15 ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಸಿಕೆ ಬೇಕಾಗಬಹುದು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಪಕ್ಕದ ವಯನಾಡಿನಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವುದು ರಕ್ತ ಹೀರುವ ಉಣ್ಣೆ ಹುಳ. ಸತ್ತ ಮಂಗನ ಮೈಯಿಂದ ಉದುರಿದ ಉಣ್ಣೆಗಳು ಸುತ್ತಲಿನ ತರಗೆಲೆಯಲ್ಲಿ ಸೇರಿರುತ್ತವೆ. ಡಿಸೆಂಬರ್‌ನಿಂದ ಮೇವರೆಗೆ, ನಿಮ್ಮ ಕಾಫಿ ಕೊಯ್ಲಿನ ತಿಂಗಳುಗಳೂ ಸೇರಿ, ಇದರ ಹಾವಳಿ ಜಾಸ್ತಿ. ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಯಾರೂ ಮುಟ್ಟದಂತೆ, ಹತ್ತಿರ ಸುಳಿಯದಂತೆ ನೋಡಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ. ಆ ಬಳಿಕ ಯಾರಿಗಾದರೂ ದಿಢೀರನೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಂಗ ಸತ್ತ ವಿಷಯವನ್ನೂ ವೈದ್ಯರಿಗೆ ಹೇಳಿ.

— ಸಂಪಾದಕ