ಒಲೆ ಕೊಟ್ಟವರು, ಒಲೆ ಎಣಿಸಿದವರು

ಪ್ರಶ್ನೆ: ಮೇಡಂ, ನಾನು ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಸುಸ್ಥಿರ ಅಭಿವೃದ್ಧಿ ಗುರಿಗಳು, ದೇಶ ದೇಶಗಳ ನಡುವಿನ ಸಹಕಾರ, ಅದರ ಮೇಲೆ ನಡೆದ ಸಂಶೋಧನೆ ಅಂತ ಒಂದು ಇಡೀ ಪೇಪರ್ ಇದೆ. ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ. ಇದರಿಂದ ಯಾರ ಮನೆಗಾದರೂ ಏನಾದರೂ ಉಪಯೋಗ ಆಗಿದೆಯಾ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡದ್ದು 17 ಗುರಿ, ಅವುಗಳ ಕೆಳಗೆ 169 ಉಪಗುರಿ. ಬಾಯಿಪಾಠಕ್ಕೆ ಕೂತರೆ ಯಾರ ತಲೆಗೂ ಹತ್ತುವುದಿಲ್ಲ. ನನಗೂ ಹತ್ತಿಲ್ಲ. ಯಾವುದಾದರೂ ಒಂದು ವಸ್ತು ಹಿಡಿದುಕೊಂಡು ಅದರ ಹಿಂದೆ ಹೋಗಿ. ನಾನು ಹಿಡಿದದ್ದು ಅಡುಗೆ ಒಲೆ. ಎಲ್ಲರಿಗೂ ಶುದ್ಧ ಇಂಧನ ಅನ್ನುವ ಏಳನೇ ಗುರಿಯ ಒಳಗೆ ಅದು ಕೂತಿದೆ.

ಸುಮಾರು 35 ವರ್ಷದ ಹಿಂದೆ ತುಮಕೂರು ಜಿಲ್ಲೆಯಲ್ಲಿ ನಾನು ಒಲೆ ಎಣಿಸುವ ಕೆಲಸ ಮಾಡುತ್ತಿದ್ದೆ. ನಗಬೇಡಿ, ನಿಜವಾಗಿಯೂ ಅಂಥ ಕೆಲಸ ಇತ್ತು. ಕೇಂದ್ರ ಸರ್ಕಾರ ಹೊಗೆ ಕಡಿಮೆ ಮಾಡುವ, ಸೌದೆ ಉಳಿಸುವ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸುತ್ತಿತ್ತು. ನಮ್ಮ ಕಡೆ ಹೆಸರಾಗಿದ್ದು ಅಸ್ತ್ರ ಒಲೆ. ವಿಜ್ಞಾನಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಅನ್ನುವ ವಿಭಾಗ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಯವರ ಜೊತೆಗೇ ಕೂತು ಕೆಲಸ ಮಾಡಿದ ತಂಡ ಅದು. ಅಲ್ಲಿ ಹುಟ್ಟಿದ ಒಲೆಯಲ್ಲಿ ಮೂರು ಪಾತ್ರೆ ಇಡಬಹುದಿತ್ತು, ಹೊಗೆ ಹೋಗಲು ಕೊಳವೆ ಇತ್ತು. ನೀಟಾಗಿ ಕಟ್ಟಿ, ನೀಟಾಗಿ ಉರಿಸಿದರೆ ಬಹಳ ಒಳ್ಳೆಯ ಒಲೆ. ಈ ಮಾತನ್ನು ನಾನು ಈಗಲೂ ಬಿಟ್ಟುಕೊಡಲ್ಲ.

ಒಂದು ಮನೆಗೆ ಹೋದೆ. ಒಲೆ ಇತ್ತು, ಕೊಳವೆಯೂ ನೆಟ್ಟಗಿತ್ತು. ಆದರೆ ಒಲೆಯ ಬಾಯೊಳಗೆ ಕೋಳಿ ಕಾವು ಕೂತಿತ್ತು. ಆ ಮನೆಯ ಅಮ್ಮ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಮುದ್ದೆ ತೊಳಸುತ್ತಿದ್ದರು. ಯಾಕಮ್ಮ ಅಂದೆ. ‘ಈ ಒಲೆ ಬಾಯಿಗೆ ಸಣ್ಣ ಸೌದೆನೇ ಬೇಕು. ಸೀಳಿಕೊಡೋರು ಯಾರು? ಮುದ್ದೆ ಪಾತ್ರೆ ಕೂರಲ್ಲ. ಕೋಲು ಹಾಕಿ ಒತ್ತಿದ್ರೆ ಮಣ್ಣೇ ಬಿರುಕು ಬಿಡುತ್ತೆ’ ಅಂದರು. ನನ್ನ ಫಾರಂನಲ್ಲಿದ್ದದ್ದು ಎರಡೇ ಕಾಲಂ: ‘ಒಲೆ ಇದೆ’, ‘ಒಲೆ ಇಲ್ಲ’. ಕೋಳಿಗೆ ಕಾಲಂ ಇರಲಿಲ್ಲ. ‘ಇದೆ’ ಅಂತ ಗುರುತು ಹಾಕಿ ಬಂದೆ. ಆ ಗುರುತು ತಾಲ್ಲೂಕಿನ ಲೆಕ್ಕಕ್ಕೆ ಹೋಯಿತು, ಅಲ್ಲಿಂದ ದೆಹಲಿಗೆ. ಆಮೇಲೆ ಎಲ್ಲಿಗೆ ಹೋಯಿತೋ.

ನಿಮ್ಮ ಪೇಪರಿನ ಅರ್ಧ ಭಾಗ ಈ ಕೋಳಿಯಲ್ಲಿದೆ. ಕೊಟ್ಟದ್ದನ್ನು ಎಣಿಸುವುದು ಸುಲಭ, ಬಳಸಿದ್ದನ್ನು ಎಣಿಸುವುದು ಕಷ್ಟ. ಆ ಕಷ್ಟದ ಕೆಲಸ ಮಾಡಿದ ಒಂದು ಅಧ್ಯಯನ ಹೇಳುತ್ತೇನೆ. ರೆಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್ ಅನ್ನುವ ಮೂವರು ಅರ್ಥಶಾಸ್ತ್ರಜ್ಞರು ಒಡಿಶಾದ 44 ಹಳ್ಳಿಗಳ ಸುಮಾರು 2,600 ಮನೆಗಳನ್ನು ಹಿಡಿದುಕೊಂಡರು. ಯಾರಿಗೆ ಮೊದಲು ಒಲೆ, ಯಾರಿಗೆ ಆಮೇಲೆ ಅಂತ ಊರವರ ಎದುರಿಗೇ ಲಾಟರಿ ಎತ್ತಿಸಿದರು. ಅದೂ ಕೊಳವೆ ಇರುವ ಮಣ್ಣಿನ ಒಲೆಯೇ. ಪ್ರಯೋಗಾಲಯದಲ್ಲಿ ಇಂಥ ಒಲೆಗಳು ಪಾಸಾಗಿದ್ದವು. ಮೊದಲ ವರ್ಷ ಅಡುಗೆ ಮಾಡುವ ಹೆಂಗಸರ ಎದೆಗೆ ಹೋಗುವ ಹೊಗೆ ಕಡಿಮೆಯಾಯಿತು. ಇವರು ಅಲ್ಲಿಗೆ ನಿಲ್ಲಿಸಿದ್ದರೆ ವರದಿ ಚೆನ್ನಾಗಿ ಬರುತ್ತಿತ್ತು, ಫೋಟೋನೂ ಬರುತ್ತಿತ್ತು. ಆದರೆ ನಾಲ್ಕು ವರ್ಷದವರೆಗೆ ಬೆನ್ನು ಹತ್ತಿದರು. ಒಲೆ ಬಿರುಕು ಬಿಟ್ಟಿತ್ತು, ಕೊಳವೆಯಲ್ಲಿ ಮಸಿ ಕಟ್ಟಿತ್ತು, ರಿಪೇರಿ ಮಾಡುವವರಿರಲಿಲ್ಲ. ಹೊಗೆ ಹಳೆಯ ಮಟ್ಟಕ್ಕೇ ಬಂದು ನಿಂತಿತ್ತು. ಶ್ವಾಸಕೋಶ ಸುಧಾರಿಸಲಿಲ್ಲ, ಸೌದೆಯೂ ಉಳಿಯಲಿಲ್ಲ.

ಡುಫ್ಲೊ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಮೈಕಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ಒಲೆಗಾಗಿ ಬಂದದ್ದಲ್ಲ. ಬಡತನ ತಗ್ಗಿಸುವ ಕಾರ್ಯಕ್ರಮಗಳನ್ನು ಹೀಗೆ ಊರೊಳಗೇ ಪರೀಕ್ಷೆ ಮಾಡುವ ದಾರಿ ತೋರಿಸಿದ್ದಕ್ಕೆ.

ಇತ್ತ 2010ರಲ್ಲಿ ವಿಶ್ವಸಂಸ್ಥೆ ಪ್ರತಿಷ್ಠಾನದ ಆಶ್ರಯದಲ್ಲಿ ಒಂದು ಜಾಗತಿಕ ಒಲೆ ಒಕ್ಕೂಟವೇ ಹುಟ್ಟಿತು. ಘೋಷಣೆ ಮಾಡಿದವರು ಆಗ ಅಮೆರಿಕದ ವಿದೇಶಾಂಗ ಸಚಿವೆಯಾಗಿದ್ದ ಹಿಲರಿ ಕ್ಲಿಂಟನ್. 2020ರೊಳಗೆ 10 ಕೋಟಿ ಮನೆಗೆ ಒಳ್ಳೆಯ ಒಲೆ ಅನ್ನುವುದು ಗುರಿ. ಮತ್ತೆ ಅದೇ ಎಣಿಕೆ, ಅಲ್ವಾ? ಆಮೇಲೆ ಇಂಗಾಲದ ವ್ಯಾಪಾರ ಜೋರಾಯಿತು. ಬಡವರ ಮನೆಯಲ್ಲಿ ಸೌದೆ ಉಳಿಯಿತು ಅಂತ ಲೆಕ್ಕ ತೋರಿಸಿ, ಆ ಲೆಕ್ಕವನ್ನು ತಾವು ಬಿಟ್ಟ ಹೊಗೆಗೆ ಸರಿದೂಗಿಸಿಕೊಳ್ಳುವ ಕಂಪನಿಗಳಿಗೆ ಮಾರುವ ಪದ್ಧತಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಒಲೆ ಯೋಜನೆಗಳ ಲೆಕ್ಕ ತಿರುವಿಹಾಕಿ 2024ರಲ್ಲಿ ಪ್ರಕಟಿಸಿದರು. ಯೋಜನೆಯವರು ನಿಜವಾಗಿ ಉಳಿದದ್ದಕ್ಕಿಂತ ಸುಮಾರು 9 ಪಟ್ಟು ಜಾಸ್ತಿ ಬರೆದುಕೊಂಡಿದ್ದರು! ಹಳೆಯ ಒಲೆ ಪೂರ್ತಿ ಆರಿಹೋಯಿತು ಅಂದುಕೊಂಡರೆ ಲೆಕ್ಕ ಹೀಗೇ ಉಬ್ಬುತ್ತದೆ. ಓದುವಾಗ ನನಗೆ ಕೋಳಿ ನೆನಪಾಯಿತು.

ಹಾಗಾದರೆ ಉಪಯೋಗ ಆಗಿಲ್ವಾ ಅಂದರೆ, ಆಗಿದೆ. ಒಲೆಯ ಹೊಗೆ ಕಾಯಿಲೆ ತರುತ್ತದೆ ಅನ್ನುವುದನ್ನು ಅಳೆದು ತೋರಿಸಿದ್ದೇ ಸಂಶೋಧನೆ. ಅಡುಗೆಮನೆ ಹೊಗೆಯಿಂದ 2020ರಲ್ಲಿ 32 ಲಕ್ಷ ಜನ ಸತ್ತರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೌದೆ, ಬೆರಣಿ (ನಿಮ್ಮ ಕಡೆ ಕುಳ್ಳು), ಇದ್ದಿಲಿನಲ್ಲಿ ಬೇಯಿಸುವವರು ಜಗತ್ತಿನಲ್ಲಿ ಇನ್ನೂ 200 ಕೋಟಿಗೂ ಜಾಸ್ತಿ. ಈ ಹೊಗೆಯ ಬೆನ್ನು ಹತ್ತಿ ಜೀವಮಾನ ಕಳೆದ ಕರ್ಕ್ ಸ್ಮಿತ್ ಅನ್ನುವ ಅಮೆರಿಕದ ವಿಜ್ಞಾನಿ 2002ರಲ್ಲೇ ಒಂದು ಪುಟ್ಟ ಲೇಖನ ಬರೆದರು. ಭೂಮಿ ಉಳಿಸುವ ಭಾರವನ್ನು ಬಡ ಹೆಂಗಸಿನ ಒಲೆ ಮೇಲೆ ಹೊರಿಸಬೇಡಿ, ಅವಳಿಗೂ ಗ್ಯಾಸ್ ಸಿಗಲಿ ಅನ್ನುವ ವಾದ. ಪರಿಸರದವರಿಗೆ ಇರಿಸುಮುರಿಸಾಗುವ ಮಾತೇ. ನಮ್ಮಲ್ಲಿ 2016ರಲ್ಲಿ ಉಜ್ವಲಾ ಬಂದಾಗ ಸರ್ಕಾರ ಹಿಡಿದದ್ದು ಗ್ಯಾಸಿನ ದಾರಿಯನ್ನೇ. ನಿಮ್ಮ ಪರೀಕ್ಷೆಗೆ ಇದು ಒಳ್ಳೆಯ ಪ್ರಶ್ನೆ, ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಹವಾಮಾನ ಸಮ್ಮೇಳನಗಳಲ್ಲಿ ಶ್ರೀಮಂತ ದೇಶಗಳು ಹಣ ಕೊಡುತ್ತೇವೆ ಅನ್ನುತ್ತಲೇ ಇರುತ್ತವೆ. ಕೊಟ್ಟಿವೆಯಾ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಸರ್, ಸ್ವಲ್ಪ ಕೊಟ್ಟಿವೆ, ತಡವಾಗಿ. ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡಬೇಕು ಅಂತ ವಿಶ್ವಸಂಸ್ಥೆಯಲ್ಲಿ ನಿರ್ಣಯವಾದದ್ದು 1970ರಲ್ಲಿ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಬೆರಳೆಣಿಕೆಯ ದೇಶಗಳು ಆ ಮಾತು ಉಳಿಸಿಕೊಂಡಿವೆ. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಅಂತ ಕೋಪನ್‌ಹೇಗನ್‌ ಹವಾಮಾನ ಸಮ್ಮೇಳನದಲ್ಲಿ 2009ರಲ್ಲಿ ಹೇಳಿದ್ದು 2022ರಲ್ಲಿ ಮುಟ್ಟಿತು, ಅದರಲ್ಲೂ ದೊಡ್ಡ ಪಾಲು ಸಾಲ. ಸಾಲ ಕೊಟ್ಟು ‘ನೆರವು’ ಅಂತ ಬರೆದುಕೊಂಡರೆ ನಮ್ಮೂರ ಬಡ್ಡಿ ವ್ಯಾಪಾರಿಯೂ ದಾನಿಯೇ.

ಪ್ರಶ್ನೆ: ಮೇಡಂ, ಮನೆಯಲ್ಲಿ ಎರಡು ಸಿಲಿಂಡರ್ ಇದೆ. ಆದರೂ ಅತ್ತೆ ಸೌದೆ ಒಲೆ ಬಿಡುವುದಿಲ್ಲ. ಹೇಗೆ ಹೇಳಲಿ?
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಅತ್ತೆಯವರು ಒಬ್ಬರೇ ಅಲ್ಲ. ಹೊಸ ಒಲೆ ಬಂದರೂ ಹಳೆಯದನ್ನು ಜೊತೆಗೇ ಇಟ್ಟುಕೊಳ್ಳುವುದಕ್ಕೆ ಸಂಶೋಧಕರು ‘ಸ್ಟ್ಯಾಕಿಂಗ್’ ಅಂತ ಹೆಸರಿಟ್ಟಿದ್ದಾರೆ. ಟೀ, ಒಗ್ಗರಣೆಗೆ ಗ್ಯಾಸ್. ಸ್ನಾನದ ನೀರಿಗೆ ಸೌದೆ. ಮಲೆನಾಡಿನಲ್ಲಿ ಅಡಿಕೆ ಸೋಗೆ, ಹಾಳೆ ಪುಕ್ಕಟೆ ಬಿದ್ದಿರುವಾಗ ಹಂಡೆ ನೀರಿಗೆ ಗ್ಯಾಸ್ ಸುಡಿ ಅಂದರೆ ಯಾರು ಕೇಳುತ್ತಾರೆ? ಲೆಕ್ಕದಲ್ಲಿ ಅವರು ನಿಮಗಿಂತ ಪಕ್ಕಾ ಇರಬಹುದು. ಬಚ್ಚಲ ಒಲೆ ಮನೆಯಿಂದ ಆಚೆ ಇದ್ದರೆ ಸುಮ್ನೆ ಬಿಟ್ಟುಬಿಡಿ. ಅಡುಗೆಮನೆಯೊಳಗೇ ಇದ್ದರೆ ಮೊದಲು ಹೊಗೆ ಕೊಳವೆಯ ಮಸಿ ತೆಗೆಸಿ, ಒಲೆಯ ನೆತ್ತಿಯ ಮೇಲೆ ಎರಡು ಹೆಂಚು ಸರಿಸಿ. ಅತ್ತೆಗೆ ಬೆಳಗ್ಗೆ ಹೊತ್ತು ಕೆಮ್ಮು ಇದ್ದರೆ ಡಾಕ್ಟರಿಗೆ ತೋರಿಸಿ. ಒಲೆ ಜಗಳ ಆಮೇಲೆ ಆಡಿ.