ಬೋರ್‌ವೆಲ್ ನೀರಿನ ಮನೆಗೆ ಹತ್ತು ವರ್ಷ ಬಾಳುವ ವಾಷಿಂಗ್ ಮೆಷಿನ್ ಯಾವುದು? ವಾಷರ್ ಡ್ರೈಯರ್ ತಗೊಳ್ಳಬಹುದಾ?

ನಿಮ್ಮ ಪ್ರಶ್ನೆ ಓದಿ ನಾಲ್ಕು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಮುಂದೆ ಬಂತು. ನೀವು ಬರೆದಿರುವುದು ಇಷ್ಟು: ಒಂಬತ್ತು ವರ್ಷದ 7 ಕೆಜಿ ಫ್ರಂಟ್ ಲೋಡ್, ಹಿಂಡುವಾಗ ವಿಪರೀತ ಸದ್ದು, ನೋಡೋಕೆ ಬಂದವರು ಡ್ರಮ್ ಸಲೀಸಾಗಿ ತಿರುಗೋಕೆ ಇರುವ ಬೇರಿಂಗ್ ಹೋಗಿದೆ ಅಂದಿದ್ದಾರೆ. ಬೆಂಗಳೂರಲ್ಲಿ ಮೂರನೇ ಮಹಡಿ, ಬೋರ್‌ವೆಲ್ ನೀರು, ನಾಲ್ಕು ಜನ, ಅದರಲ್ಲೊಂದು ಪುಟ್ಟ ಮಗು. ಹೊಸದು ತಗೊಂಡರೆ ಒಣಗಿಸಿಯೂ ಕೊಡುವ ವಾಷರ್ ಡ್ರೈಯರ್ ತಗೊಳ್ಳೋಣವಾ ಅಂತ ಯೋಚನೆ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಇಂಥದೇ ನೀರಿನಲ್ಲಿ ಒಂದು ಮೆಷಿನ್ ಕಳೆದುಕೊಂಡು, ಈಗ ಎರಡನೆಯದನ್ನು ಜೋಪಾನವಾಗಿ ನೋಡಿಕೊಳ್ಳುತ್ತಿದ್ದೇನೆ. ಬ್ರ್ಯಾಂಡ್ ಯಾವುದು ಅನ್ನೋದು ಆಮೇಲಿನ ಮಾತು. ನಿಮ್ಮ ನೀರು ಎಂಥದ್ದು, ಕೆಟ್ಟರೆ ಅದನ್ನು ಬಿಚ್ಚಿ ರಿಪೇರಿ ಮಾಡೋಕೆ ಆಗುತ್ತಾ, ಮೊದಲು ಇವೆರಡನ್ನು ತಿಳ್ಕೊಳ್ಳಿ.

ಅದಕ್ಕೂ ಮುಂಚೆ ಹಳೇ ಮೆಷಿನ್ನನ್ನೇ ಒಂದು ಸಲ ನೋಡಿ. ಪ್ಲಗ್ ತೆಗೆದು, ಬಾಗಿಲು ತೆರೆದು, ಸ್ಟೀಲ್ ಡ್ರಮ್ಮಿನ ಮೇಲಂಚಿಗೆ ಕೈ ಕೊಟ್ಟು ಮೇಲಕ್ಕೆ ಎತ್ತಿ. ಡ್ರಮ್ಮೂ ಅದರ ಹೊರಗಿನ ಪ್ಲಾಸ್ಟಿಕ್ ಟಬ್ಬೂ ಒಟ್ಟಿಗೆ ತೂಗಾಡಿದರೆ ಪರವಾಗಿಲ್ಲ, ಅವು ಸ್ಪ್ರಿಂಗಿನಲ್ಲಿ ನೇತಾಡುತ್ತಲೇ ಇರುತ್ತವೆ. ಟಬ್ ನಿಂತಲ್ಲೇ ಇದ್ದು ಡ್ರಮ್ ಮಾತ್ರ ಟಕ್ ಟಕ್ ಅಂತ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಕೈಯಲ್ಲಿ ತಿರುಗಿಸಿದಾಗ ರಾಗಿ ಬೀಸುವ ಕಲ್ಲಿನ ಹಾಗೆ ಗರಗರ ಅಂದರಂತೂ ಅನುಮಾನವೇ ಬೇಡ. ಇದ್ಯಾವುದೂ ಇಲ್ಲದೆ ಹಿಂಡುವಾಗ ಮಾತ್ರ ಕುಣಿದರೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಸವೆದಿರಬಹುದು, ಇಲ್ಲಾ ಡ್ರಮ್ಮಿಗೂ ಟಬ್ಬಿಗೂ ಮಧ್ಯೆ ನಾಣ್ಯವೋ ಹೇರ್‌ಪಿನ್ನೋ ಸಿಕ್ಕಿಕೊಂಡಿರಬಹುದು. ಆಗ ಹೊಸ ಮೆಷಿನ್ನೇ ಬೇಕಾಗಲ್ಲ.

ಬೇರಿಂಗ್ ಅನ್ನೋದು ದೊಡ್ಡ ಬೆಲೆಯ ವಸ್ತುವಲ್ಲ. ಸಾಮಾನ್ಯವಾಗಿ 6205, 6206 ಅಂತ ನಂಬರ್ ಇರುವ ಎರಡು ಬೇರಿಂಗು, ಜೊತೆಗೊಂದು ರಬ್ಬರ್ ಸೀಲು, ಅಷ್ಟೇ. ಖರ್ಚು ಬರೋದು ಅದರ ತನಕ ಕೈ ಹೋಗಬೇಕಲ್ಲ, ಅದಕ್ಕೆ. ಕೆಲವು ಮೆಷಿನ್ನುಗಳಲ್ಲಿ ಹೊರಗಿನ ಟಬ್ಬಿನ ಎರಡು ಭಾಗವನ್ನು ಸ್ಕ್ರೂ ಹಾಕಿ ಜೋಡಿಸಿರುತ್ತಾರೆ, ಬಿಚ್ಚಬಹುದು. ಇನ್ನು ಕೆಲವುದರಲ್ಲಿ ಪ್ಲಾಸ್ಟಿಕ್ಕನ್ನೇ ಕರಗಿಸಿ ಅಂಟಿಸಿಬಿಟ್ಟಿರುತ್ತಾರೆ. ಅಂಥದ್ದರಲ್ಲಿ ಸಣ್ಣ ಬೇರಿಂಗ್ ಹೋದರೂ ಇಡೀ ಟಬ್ ಸೆಟ್ಟೇ ಬದಲಿಸಬೇಕು ಅಂತಾರೆ. ನಮ್ಮದು ಅಂಟಿಸಿದ ಜಾತಿಯದು. ತಗೊಳ್ಳುವಾಗ ಅಂಗಡಿಯವರು ವಾಶ್ ಪ್ರೋಗ್ರಾಮ್ ಎಷ್ಟಿವೆ ಅಂತ ಹೇಳಿದರು, ಇದನ್ನು ಹೇಳಲಿಲ್ಲ, ನನಗೂ ಕೇಳಬೇಕು ಅಂತ ಗೊತ್ತಿರಲಿಲ್ಲ.

ಆರೂವರೆ ವರ್ಷಕ್ಕೆ ಸದ್ದು ಶುರುವಾಯಿತು. ಕಂಪನಿ ಕಡೆಯವರು ಬಂದು ಟಬ್ ಸೆಟ್ಟಿಗೆ ಹದಿನಾಲ್ಕು ಸಾವಿರ ಆಗುತ್ತೆ ಅಂದರು, ಆಗ ಹೊಸದಕ್ಕೆ ಇಪ್ಪತ್ತಾರು ಸಾವಿರ. ಬೇಡ ಅಂದು ಏರಿಯಾದ ಮೆಕ್ಯಾನಿಕ್ಕನ್ನು ಕರೆದೆ. ಹೇಗೂ ಬಿಸಾಡೋದೇ ಅಲ್ವಾ ಸರ್, ಕೊಯ್ದು ನೋಡ್ತೀನಿ ಅಂದ ಪುಣ್ಯಾತ್ಮ, ಟೆರೇಸಿನಲ್ಲಿ ಕೂತು ಹ್ಯಾಕ್ಸಾ ಬ್ಲೇಡಿನಲ್ಲಿ ಟಬ್ಬನ್ನು ಸುತ್ತಲೂ ಕೊಯ್ದ. ಮುಕ್ಕಾಲು ಗಂಟೆ ಹಿಡಿಯಿತು. ಒಳಗಿದ್ದುದನ್ನು ನಾನು ಮರೆಯಲಾರೆ. ಸ್ಟೀಲ್ ಡ್ರಮ್ಮಿನ ಬೆನ್ನಿಗೆ ಮೂರು ಕಾಲಿನ ಒಂದು ಅಲ್ಯೂಮಿನಿಯಂ ಹಿಡಿ ಇರುತ್ತೆ, ಸ್ಪೈಡರ್ ಅಂತಾರೆ, ಡ್ರಮ್ಮಿನ ಭಾರವೆಲ್ಲ ಅದರ ಮೇಲೆ. ಅದರ ಒಂದು ಕಾಲು ಮುರಿದೇ ಹೋಗಿತ್ತು. ಉಳಿದ ಎರಡಕ್ಕೆ ಬೂದು ಬಣ್ಣದ ಗಸಿ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಆತ ಸ್ಕ್ರೂಡ್ರೈವರ್ ತುದಿ ಒತ್ತಿದರೆ ಲೋಹವೇ ಪುಡಿಪುಡಿಯಾಗಿ ಉದುರುತ್ತಿತ್ತು. ಹೀಟರ್ ಎಳೆದು ತೆಗೆದ, ಬೆರಳು ಗಾತ್ರದ ಕಡ್ಡಿ ಸುಣ್ಣ ಕಟ್ಟಿ ಹೆಬ್ಬೆರಳು ಗಾತ್ರ ಆಗಿತ್ತು. ನೆಲಕ್ಕೆ ತಟ್ಟಿದರೆ ಮೊಟ್ಟೆ ಸಿಪ್ಪೆ ಥರ ಚೂರು ಚೂರು ಬಿತ್ತು.

ಅದೇ ಮಾಡೆಲ್ ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಮ್ಮನ ಮನೆಯಲ್ಲೂ ಇದೆ. ಬಾವಿ ನೀರು, ಸೋಪು ಹಚ್ಚಿದರೆ ಕೈಯಿಂದ ಹೋಗೋದೇ ಇಲ್ಲ, ಅಷ್ಟು ಮೆದು. ಹನ್ನೊಂದನೇ ವರ್ಷ, ಈಗಲೂ ನಡೀತಿದೆ. ಕಂಪನಿ ಒಂದೇ, ಮಾಡೆಲ್ ಒಂದೇ. ಬೇರೆ ಇದ್ದದ್ದು ನೀರು, ಮತ್ತೆ ನಾವು ಬಳಸಿದ ರೀತಿ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ಗಡಸು ನೀರನ್ನು ಕಾಯಿಸಿದಾಗ ಸುಣ್ಣ ಬಂದು ಹೀಟರಿಗೆ ಅಂಟುತ್ತೆ. ಗಡಸು ನೀರಿನಲ್ಲಿ ಪೌಡರ್ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೆ ನಾವು ಜಾಸ್ತಿ ಹಾಕ್ತೀವಿ. ಜಾಸ್ತಿ ಹಾಕಿದ್ದು ಪೂರ್ತಿ ತೊಳೆದು ಹೋಗದೆ ಡ್ರಮ್ಮಿನ ಹಿಂದೆ ಗಸಿ ಕಟ್ಟುತ್ತೆ. ಒಗೆದಾದ ಮೇಲೆ ಬಾಗಿಲು ಮುಚ್ಚಿಟ್ಟರೆ ಆ ಗಸಿ ಒಣಗೋದೇ ಇಲ್ಲ, ಒದ್ದೆಯಾಗಿ ಅಂಟಿಕೊಂಡು ಅಲ್ಯೂಮಿನಿಯಂ ತಿನ್ನುತ್ತೆ. ನಾವು ಮಾಡಿದ್ದು ಇದೆಲ್ಲವನ್ನೂ. ಹಾಗಾಗಿ ಮೊದಲು ನಿಮ್ಮ ನೀರಿನ ಗಡಸುತನ ಅಳೆಯಿರಿ. ಹನಿ ಹಾಕಿ ಬಣ್ಣ ನೋಡುವ ಸಣ್ಣ ಕಿಟ್ ಆನ್‌ಲೈನಿನಲ್ಲಿ ಸಿಗುತ್ತೆ. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ, ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟು ಹೇಳುತ್ತೆ, ಗಡಸುತನವನ್ನಲ್ಲ. ಒಂದು ಅಂದಾಜಿಗೆ ಇರಲಿ ಅಂತ ಹೇಳ್ತೀನಿ: ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಅಂತಿದೆ. ನಮ್ಮ ಬೋರಿನದು 480 ಬಂತು.

ಇಷ್ಟು ಗಡಸಿದ್ದರೆ ನೀರಿನ ಗಡಸುತನ ತೆಗೆಯುವ, ಉಪ್ಪು ಹಾಕುವ ಸಾಫ್ಟ್‌ನರ್ ಬೇಕು, ಬಿಲ್ಡಿಂಗಿಗೆಲ್ಲ ಸೇರಿ ಹಾಕಿಸಿದರೆ ಇನ್ನೂ ಒಳ್ಳೆಯದು. ನಲ್ಲಿಗೆ ಸಿಕ್ಕಿಸುವ ಪುಟ್ಟ ಫಿಲ್ಟರಿನಲ್ಲಿ ಬಿಳಿ ಹರಳು ಇರುತ್ತಲ್ಲ, ಅದು ಗಡಸುತನ ತೆಗೆಯಲ್ಲ, ಸುಣ್ಣ ಅಂಟೋದನ್ನು ಸ್ವಲ್ಪ ತಡೆಯುತ್ತೆ ಅಷ್ಟೇ. ಏನೂ ಇಲ್ಲದಕ್ಕಿಂತ ವಾಸಿ.

ಈಗ ವಾಷರ್ ಡ್ರೈಯರ್. ಪುಟ್ಟ ಮಗುವಿರುವ ಮನೆ, ಮಳೆಗಾಲದಲ್ಲಿ ಬಟ್ಟೆ ಒಣಗದೆ ಮುಗ್ಗಲು ವಾಸನೆ ಬಂದಾಗ ಅದು ಬೇಕು ಅನ್ನಿಸೋದು ಸಹಜ. ಆದರೂ ನಿಮಗೆ ಬೇಡ ಅಂತೀನಿ. 8 ಕೆಜಿ ಅಂತ ಬರೆದಿರುವುದು ಒಗೆಯೋಕೆ, ಒಣಗಿಸೋಕೆ 5 ಕೆಜಿಯೋ ಏನೋ ಇರುತ್ತೆ, ಅಂದರೆ ಒಗೆದಾದ ಮೇಲೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಟ್ಟೆ ಹೊರಗೆ ತೆಗೆದು ಆಮೇಲೆ ಮತ್ತೆ ಹಾಕಬೇಕು. ತುಂಬಾ ಮಾಡೆಲ್ಲುಗಳಲ್ಲಿ ಬಿಸಿ ಗಾಳಿಯ ತೇವವನ್ನು ತಣ್ಣೀರು ಹರಿಸಿ ಇಳಿಸುತ್ತಾರೆ. ಒಣಗಿಸೋಕೂ ನೀರು ಖರ್ಚು! ಟ್ಯಾಂಕರ್ ತರಿಸುವ ಬೇಸಿಗೆಯಲ್ಲಿ ಇದು ಹೊಟ್ಟೆ ಉರಿಸುವ ಮಾತು. ಒಂದು ಸಲಕ್ಕೆ ಮೂರು ನಾಲ್ಕು ಗಂಟೆ, ಕರೆಂಟು ಹೆಚ್ಚುಕಡಿಮೆ ಅಷ್ಟೇ ಯೂನಿಟ್. ಬಟ್ಟೆಯ ನೂಲಿನ ಜುಂಜು ಒಳಗಿನ ಗಾಳಿ ದಾರಿಯಲ್ಲಿ ಸೇರಿಕೊಳ್ಳುತ್ತೆ, ಅದನ್ನು ತೆಗೆಯೋಕೆ ಮೆಷಿನ್ ಬಿಚ್ಚಬೇಕು. ಇನ್ನೊಂದು ಹೀಟರು, ಇನ್ನೊಂದು ಫ್ಯಾನು, ಇನ್ನಷ್ಟು ಸೆನ್ಸರು. ಒಂದು ಕೆಟ್ಟರೆ ಒಗೆಯೋದೂ ನಿಂತು ಹೋಗಬಹುದು.

ನಿಜವಾಗಿ ಡ್ರೈಯರ್ ಬೇಕಾದವರು ಮಲೆನಾಡು, ಕರಾವಳಿಯವರು. ಚಿಕ್ಕಮ್ಮನ ಮನೆಯಲ್ಲಿ ಜೂನ್ ಬಂದರೆ ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಹರವುತ್ತಾರೆ, ಹೊಗೆ ವಾಸನೆ ಮೈಗೆ ಹತ್ತಿದರೂ ಒಣಗುತ್ತಲ್ಲ ಅಂತ ಸಮಾಧಾನ. ಆದರೆ ಅದೇ ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋಗಿ ಬಂದು ಮಾಡುತ್ತೆ. ನಾಲ್ಕು ಗಂಟೆಯ ಕೆಲಸ ಮಧ್ಯದಲ್ಲಿ ನಿಂತರೆ ಒದ್ದೆ ಬಟ್ಟೆ ಬೀಗ ಬಿದ್ದ ಬಾಗಿಲ ಒಳಗೆ ಬೇಯುತ್ತಾ ಕೂರುತ್ತೆ. ಅಂಥ ಕಡೆಯೂ ನಾನು ಹೇಳೋದು ಡ್ರೈಯರನ್ನು ಬೇರೆಯಾಗಿ ತಗೊಳ್ಳಿ ಅಂತಲೇ. ಒಂದು ಕೆಟ್ಟರೆ ಇನ್ನೊಂದು ಇರುತ್ತೆ. ಬೆಂಗಳೂರಿನ ಹವೆಗೆ ನಿಮಿಷಕ್ಕೆ 1200 ಸುತ್ತಿನಲ್ಲಿ ಹಿಂಡಿದ ಬಟ್ಟೆಯನ್ನು ರಾತ್ರಿ ಸ್ಟ್ಯಾಂಡಿಗೆ ಹಾಕಿ ಫ್ಯಾನ್ ಬಿಟ್ಟರೆ ಬೆಳಿಗ್ಗೆಗೆ ಮಗುವಿನ ಬಟ್ಟೆಯಂತೂ ಒಣಗಿರುತ್ತೆ. ಜೀನ್ಸಿಗೆ ಇನ್ನೊಂದು ಹೊತ್ತು ಬೇಕು.

ಹಾಗಾದರೆ ಯಾವುದು? ಮಗುವಿನ ಬಟ್ಟೆ, ಬಿಸಿ ನೀರು, ನೀರಿನ ಉಳಿತಾಯ ಇವೆಲ್ಲ ನೋಡಿದರೆ ನಿಮಗೆ ಹೀಟರ್ ಇರುವ 7 ಅಥವಾ 8 ಕೆಜಿ ಫ್ರಂಟ್ ಲೋಡೇ ಸರಿ. ಟಾಪ್ ಲೋಡ್ ಬೆಲೆ ಕಡಿಮೆ, ಬಾಗಬೇಕಿಲ್ಲ, ಆದರೆ ನೀರು ಎರಡರಷ್ಟು ಕುಡಿಯುತ್ತೆ, ಹತ್ತಿ ಸೀರೆ ಹಾಕಿದರೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತೆ. ಇನ್ನು ಕಂಪನಿ. ಐಎಫ್‌ಬಿಯವರು ಗೋವಾದಲ್ಲಿ, ಬಾಷ್‌ನವರು ಚೆನ್ನೈ ಹತ್ತಿರ, ವರ್ಲ್‌ಪೂಲ್‌ನವರು ಪುದುಚೇರಿಯಲ್ಲಿ ಮೆಷಿನ್ ಮಾಡ್ತಾರೆ. ಎಲ್‌ಜಿಯದರಲ್ಲಿ ಡೈರೆಕ್ಟ್ ಡ್ರೈವ್ ಅಂತ ಬರುತ್ತೆ, ಅದರಲ್ಲಿ ಬೆಲ್ಟ್ ಇಲ್ಲ, ಮೋಟರೇ ಡ್ರಮ್ಮಿನ ಹಿಂದೆ ಕೂತಿರುತ್ತೆ. ಬೆಲ್ಟ್ ಇದ್ದರೆ ಕೆಟ್ಟದ್ದೇನೂ ಅಲ್ಲ, ಅದು ಹೋದರೆ ಸುಲಭವಾಗಿ ಹಾಕಿಸಬಹುದು. ಇವುಗಳಲ್ಲಿ ಯಾವುದನ್ನು ಆರಿಸಬೇಕು ಅಂತ ಇಂಟರ್ನೆಟ್ಟಿಗಿಂತ ಚೆನ್ನಾಗಿ ಹೇಳುವವನು ನಿಮ್ಮ ಏರಿಯಾದ ಮೆಕ್ಯಾನಿಕ್. ಅವನಿಗೆ ಮೂರೇ ಪ್ರಶ್ನೆ ಕೇಳಿ. ಈ ಮಾಡೆಲ್ಲಿನ ಟಬ್ ಬಿಚ್ಚೋಕೆ ಬರುತ್ತಾ? ಬೇರಿಂಗು, ಸೀಲು, ಬಾಗಿಲ ರಬ್ಬರು ಎಷ್ಟು ದಿನದಲ್ಲಿ ಸಿಗುತ್ತೆ? ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ರಿಪೇರಿ ಆಗುತ್ತಾ, ಹೊಸದೇ ಹಾಕಬೇಕಾ? ನಾನು ಎರಡನೇ ಸಲ ಹೀಗೆ ಕೇಳಿಯೇ ತಗೊಂಡೆ. ನಿಮ್ಮದೇ ಬೋರ್ ನೀರು ಬಳಸುವ ಅಕ್ಕಪಕ್ಕದ ಮನೆಯವರನ್ನೂ ಎಷ್ಟನೇ ವರ್ಷ, ಏನೇನು ಹಾಕಿಸಿದಿರಿ ಅಂತ ಕೇಳಿ.

10 ವರ್ಷ ವಾರಂಟಿ ಅಂತ ಸ್ಟಿಕ್ಕರ್ ನೋಡಿ ಮಾರುಹೋಗಬೇಡಿ. ಅದು ಸಾಮಾನ್ಯವಾಗಿ ಮೋಟರಿಗೆ ಮಾತ್ರ, ಮೋಟರ್ ಅಷ್ಟು ಸುಲಭಕ್ಕೆ ಕೆಡೋದೂ ಇಲ್ಲ. ಬೋರ್ಡು, ಬೇರಿಂಗು, ಪಂಪು ಸೇರಿ ಪೂರ್ತಿ ಮೆಷಿನ್ನಿಗೆ ಎಷ್ಟು ವರ್ಷ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮೂರನೇ ಮಹಡಿ ಅಂದಿರಿ. ಮೇಲಿನ ಟ್ಯಾಂಕ್ ನಿಮ್ಮ ತಲೆಯ ಮೇಲೇ ಇದ್ದರೆ ನೀರಿನ ಒತ್ತಡ ಸಾಲದೆ ಮೆಷಿನ್ ನಿಂತು ನಿಂತು ಎರರ್ ತೋರಿಸಬಹುದು. ತುಂಬಾ ಮೆಷಿನ್ನುಗಳಿಗೆ ಕನಿಷ್ಠ 0.3 ಬಾರ್ ಬೇಕು, ಅಂದರೆ ನೀರು ಸುಮಾರು ಮೂರು ಮೀಟರ್ ಮೇಲಿಂದ ಇಳಿಯಬೇಕು. ಹೀಟರ್ ಸುಮಾರು 2000 ವ್ಯಾಟ್ ಎಳೆಯೋದರಿಂದ ಗೀಸರಿಗೆ ಹಾಕುವ ಹಾಗೆ 16 ಆಂಪ್ ಪಾಯಿಂಟೇ ಬೇಕು, ಅರ್ಥಿಂಗ್ ಸರಿಯಿದೆಯಾ ನೋಡಿಸಿ. ಕೂರಿಸಲು ಬಂದವರು ಮೆಷಿನ್ನಿನ ಬೆನ್ನಿಗೆ ಸಾಗಿಸುವಾಗ ಡ್ರಮ್ ಅಲ್ಲಾಡದ ಹಾಗೆ ಬಿಗಿದಿರುವ ಬೋಲ್ಟುಗಳನ್ನು ತೆಗೆದರಾ ಅಂತ ನೀವೇ ನಿಂತು ಎಣಿಸಿ. ತೆಗೆಯದೆ ಓಡಿಸಿದರೆ ಮೊದಲ ದಿನವೇ ಮನೆ ನಡುಗುತ್ತೆ. ಯುಟಿಲಿಟಿಯಲ್ಲಿ ಇಡ್ತೀರಿ ಅಂದರೆ ಮೆಷಿನ್ನಿನ ತಳಕ್ಕೆ ಇಲಿ ಜಾಲರಿ ಹಾಕಿಸಿ, ಒಳಗಿನ ವೈರು ಇಲಿಗೆ ಇಷ್ಟ.

ಬಂದ ಮೇಲೆ ನಾವು ಮಾಡೋದು ಇಷ್ಟೇ. ಪೌಡರ್ ಬಿಟ್ಟು ಫ್ರಂಟ್ ಲೋಡಿನ ಲಿಕ್ವಿಡ್ ಹಾಕ್ತೀವಿ, ಅದೂ ಅಳೆದು. ದಿನದ ಬಟ್ಟೆಗೆ ತಣ್ಣೀರು ಇಲ್ಲಾ 30 ಡಿಗ್ರಿ, ಹಾಸಿಗೆ ಬಟ್ಟೆಗೆ, ಮಗುವಿನ ಬಟ್ಟೆಗೆ 60. ತಿಂಗಳಿಗೊಮ್ಮೆ ಬಟ್ಟೆ ಹಾಕದೆ ಟಬ್ ಕ್ಲೀನ್ ಪ್ರೋಗ್ರಾಮ್ ಓಡಿಸ್ತೀವಿ. ಮೂರು ತಿಂಗಳಿಗೊಮ್ಮೆ ಅದರ ಜೊತೆ ನೂರು ಗ್ರಾಂ ನಿಂಬೆ ಉಪ್ಪು, ಸಿಟ್ರಿಕ್ ಆಸಿಡ್ ಅಂತ ಕೇಳಿದರೆ ಸಿಗುತ್ತೆ. ಒಗೆದಾದ ಮೇಲೆ ಬಾಗಿಲ ರಬ್ಬರಿನ ಮಡಿಕೆ ಒರೆಸಿ ಬಾಗಿಲನ್ನು ತೆರೆದೇ ಬಿಡ್ತೀವಿ, ಆದರೆ ನಿಮ್ಮ ಮನೆಯಲ್ಲಿ ಮಗು ಇರೋದರಿಂದ ಯುಟಿಲಿಟಿ ಬಾಗಿಲಿಗೆ ಚಿಲಕ ಹಾಕೋದನ್ನು ಮರೆಯಬೇಡಿ. ಮೊನ್ನೆ ಅದೇ ಮೆಕ್ಯಾನಿಕ್ ಪಂಪಿನ ಫಿಲ್ಟರ್ ನೋಡೋಕೆ ಬಂದಾಗ ಹೀಟರನ್ನೂ ಎಳೆದು ತೋರಿಸಿದ. ನಾಲ್ಕು ವರ್ಷ ಆಗಿದೆ, ತೆಳ್ಳಗೆ ಬಿಳಿ ಪುಡಿ ಕೂತಿತ್ತು, ಬಟ್ಟೆಯಲ್ಲಿ ಒರೆಸಿದರೆ ಹೋಯಿತು.

ನೀರಿನ ಗಡಸುತನ ಎಷ್ಟು ಬಂತು, ಹಳೇ ಡ್ರಮ್ ಅಲ್ಲಾಡುತ್ತಾ ಅನ್ನೋದನ್ನು ಇಲ್ಲೇ ಬರೆಯಿರಿ. ರಿಪೇರಿಯಾ ಹೊಸದಾ ಅಂತ ಆಮೇಲೆ ಮಾತಾಡೋಣ.