ಹಳೇ ಪಿಕಪ್ ಲೋಡ್ ಎಳೆಯುತ್ತಿಲ್ಲ, ರಿವರ್ಸ್ ಹಾಕಿದರೆ ಕರಕರ: ಗೇರ್‌ಬಾಕ್ಸ್ ಬಿಚ್ಚಿಸಬೇಕಾ?

ಈಗಲೇ ಬಿಚ್ಚಿಸಬೇಡಿ. ನೀವು ಬರೆದಿರುವುದು ಇಷ್ಟು: 2009ರ ಡೀಸೆಲ್ ಪಿಕಪ್, ಗದಗಿನಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಉಳ್ಳಾಗಡ್ಡಿ ಹೇರಿಕೊಂಡು ಹೊರಟರೆ ಏರಿನಲ್ಲಿ ಎಳೆಯುವುದಿಲ್ಲ, ಒಂದನೇ ಗೇರು, ರಿವರ್ಸ್ ಹಾಕುವಾಗ ಕರಕರ ಸದ್ದು, ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸೋಣ ಅಂದಿದ್ದಾರೆ. ನಿಂತ ಗಾಡಿಯಲ್ಲಿ ಈ ಎರಡೇ ಗೇರು ಸದ್ದು ಮಾಡುತ್ತಿದ್ದರೆ ನನ್ನ ಅನುಮಾನ ಮೊದಲು ಕ್ಲಚ್ಚಿನ ಮೇಲೆ.

ಎಂಜಿನ್ ಆಫ್ ಮಾಡಿ ಎಲ್ಲಾ ಗೇರು ಹಾಕಿ ನೋಡಿ. ಆಗಲೂ ಬಿಗಿಯಿದ್ದರೆ ಗೇರ್ ಲಿವರಿನ ಬುಷ್, ಲಿಂಕೇಜ್ ನೋಡಬೇಕು. ಸಲೀಸಾಗಿ ಬಿದ್ದರೆ ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಐದರವರೆಗೆ ಎಣಿಸಿ ರಿವರ್ಸ್ ಹಾಕಿ. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ ರಿವರ್ಸಿಗೆ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ರಿಂಗ್) ಇರುವುದಿಲ್ಲ, ಒಳಗಿನ ಶಾಫ್ಟ್ ನಿಲ್ಲುವತನಕ ಕಾಯಲೇಬೇಕು. ಕಾದ ಮೇಲೂ ಕರಕರ ಅಂದರೆ ಪೆಡಲ್ ಒತ್ತಿದರೂ ಕ್ಲಚ್ಚು ಎಂಜಿನ್ನಿನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ ಎಂದರ್ಥ. ಹೈಡ್ರಾಲಿಕ್ (ಫ್ಲೂಯಿಡಿನ ಒತ್ತಡದಿಂದ ಕೆಲಸ ಮಾಡುವ) ಕ್ಲಚ್ ಇದ್ದರೆ ಪೆಡಲನ್ನು ನಾಲ್ಕೈದು ಸಲ ಬೇಗಬೇಗ ಒತ್ತಿ ಗೇರ್ ಹಾಕಿ ನೋಡಿ. ಹಾಗೆ ಪಂಪ್ ಮಾಡಿದಾಗ ಮಾತ್ರ ಗೇರ್ ಸರಿಯಾಗಿ ಬಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿದೆ. ಗೇರ್‌ಬಾಕ್ಸಿನ ಕಡೆಯ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ದರೆ ಕಿಟ್ ಬದಲಿಸಿ, ಗಾಡಿಯ ಕ್ಲಚ್ ಫ್ಲೂಯಿಡ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಫ್ಲೂಯಿಡ್ ಹಾಕಿ ಗಾಳಿ ತೆಗೆಸಿ. ಅವಸರಕ್ಕೆ ಅಂತ ಎಂಜಿನ್ ಆಯಿಲ್ ಸುರಿದರೆ ರಬ್ಬರೆಲ್ಲ ಉಬ್ಬಿ ಹಾಳಾಗುತ್ತದೆ. ಕೇಬಲ್ ಕ್ಲಚ್ ಆದರೆ ಫ್ರೀ ಪ್ಲೇ (ಪೆಡಲ್ ಸಡಿಲವಾಗಿ ಆಡುವ ಮೊದಲ ಅಂತರ) ಸರಿಮಾಡಿದರೇ ಎಷ್ಟೋ ಸಲ ಮುಗಿಯುತ್ತದೆ.

ಓಡುವಾಗ ಎರಡರಿಂದ ಮೂರಕ್ಕೆ ಹೋಗುವಾಗಲೂ ಸದ್ದಿದ್ದರೆ ಮಾತು ಬೇರೆ. ಅದು ಆ ಗೇರಿನ ಸಿಂಕ್ರೊ ರಿಂಗ್, ಬಾಕ್ಸ್ ಬಿಚ್ಚಲೇಬೇಕು.

ಇನ್ನು ಎಳೆತ. ಏರಿನಲ್ಲಿ ಎಂಜಿನ್ ಕೂಗುತ್ತದೆ ಆದರೆ ಗಾಡಿ ಓಡುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಖಾತ್ರಿಗೆ ಎಂಜಿನ್ ಚಾಲೂ ಇಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದು, ನಾಲ್ಕನೇ ಗೇರಿನಲ್ಲಿ ಕ್ಲಚ್ ಮೆಲ್ಲಗೆ ಬಿಡಿ. ಗಾಡಿಯ ಮುಂದೆ ಯಾರೂ ನಿಂತಿರಬಾರದು. ಎಂಜಿನ್ ಕೂಡಲೇ ಬಂದ್ ಆಗಬೇಕು. ತಿರುಗುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಹೋಗಿದೆ. ಇದನ್ನು ಒಮ್ಮೆ ಮಾಡಿದರೆ ಸಾಕು, ಪದೇ ಪದೇ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ.

ಎಂಜಿನ್ನಿನ ವೇಗವೇ ಏರುತ್ತಿಲ್ಲ ಅಂದರೆ ಹೊಗೆ ನೋಡಿ. ಕಪ್ಪು ಹೊಗೆ ಅಂದರೆ ಗಾಳಿ ಸಾಲುತ್ತಿಲ್ಲ. ರೋಣ, ನರಗುಂದದ ಕಡೆ ಎರೆಹೊಲದ ದಾರಿಯಲ್ಲಿ ತಿರುಗುವ ಗಾಡಿಗೆ ಏರ್ ಫಿಲ್ಟರ್ ಕಟ್ಟುವುದು ಬೇಗ, ಕಂಪನಿ ಹೇಳಿದ ಕಿಲೋಮೀಟರ್ ಕಾಯುತ್ತ ಕೂರಬೇಡಿ. ಟರ್ಬೊ ಇದ್ದರೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಪೈಪ್ ಬಿರಿದಿದೆಯೇ, ಕ್ಲಿಪ್ ಸಡಿಲವೇ ನೋಡಿ. ಬಿರಿದ ಜಾಗದಲ್ಲಿ ಎಣ್ಣೆ ಜಿನುಗಿರುತ್ತದೆ, ಲೋಡಿನಲ್ಲಿ ಸುಯ್ಯೆನ್ನುವ ಸದ್ದು ಬರುತ್ತದೆ. ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ತೆರೆದೇ ಉಳಿದರೂ ಇದೇ ಕಪ್ಪು ಹೊಗೆ. ಹೊಗೆಯೇ ಇಲ್ಲದೆ ಎಳೆತ ಕುಂದಿದರೆ ಡೀಸೆಲ್ ಸಾಲುತ್ತಿಲ್ಲ: ಫಿಲ್ಟರಿನ ಕೆಳಗಿನ ಕಾಕ್ ಬಿಚ್ಚಿ ನೀರು ಇಳಿಸಿ, ಹಳೆಯದಾಗಿದ್ದರೆ ಫಿಲ್ಟರ್ ಬದಲಿಸಿ, ಹ್ಯಾಂಡ್ ಪಂಪ್ ಗಟ್ಟಿಯಾಗುವತನಕ ಒತ್ತಿ. ಟ್ಯಾಂಕಿನ ಮುಚ್ಚಳ ತೆಗೆದಾಗ ಜೋರಾಗಿ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ರಂಧ್ರ ಕಟ್ಟಿದೆ. ಚೆಕ್ ಎಂಜಿನ್ ದೀಪ ಹೊತ್ತಿದ್ದರೆ ಮಾತ್ರ ಮೊದಲು ಸ್ಕ್ಯಾನ್ ಮಾಡಿಸಿ.

ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದಾಗ ಚಕ್ರಗಳ ಮೇಲೆ ನೀರು ಚಿಮುಕಿಸಿ ನೋಡುವುದನ್ನೂ ಮರೆಯಬೇಡಿ. ಒಂದೇ ಚಕ್ರ ಚುಂಯ್ ಅಂದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ, ಎಂಜಿನ್ನಿನ ತಪ್ಪೇನೂ ಇಲ್ಲ.

ಕೊನೆಗೆ ಬಾಕ್ಸ್ ಇಳಿಸಲೇಬೇಕಾಗಿ ಬಂದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ. ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಒದ್ದೆಯಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಪ್ಲೇಟಿಗೂ ಎಣ್ಣೆ ತಾಗಿ ಮತ್ತೆ ಜಾರುತ್ತದೆ. ಗೇರ್ ಆಯಿಲಿನ ದರ್ಜೆ ಗಾಡಿಯ ಪುಸ್ತಕದಲ್ಲಿ ಜಿಎಲ್-4 ಅಂತಿದ್ದರೆ ಅದನ್ನೇ ಕೇಳಿ ತನ್ನಿ. ಅಂಗಡಿಯವರು ಅದರ ಬದಲು ಕೊಡುವ ಜಿಎಲ್-5 ಹಿತ್ತಾಳೆಯ ಸಿಂಕ್ರೊ ರಿಂಗುಗಳಿಗೆ ಒಗ್ಗುವುದಿಲ್ಲ.